ಕತ್ತಿನ ಕಪ್ಪು ಕೊಳೆಯಲ್ಲ

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಎತ್ತರ 138 ಸೆಂ.ಮೀ., ತೂಕ 52 ಕಿಲೋ. ಕತ್ತಿನ ಹಿಂಭಾಗ ಕಪ್ಪಾಗಿದ್ದು, ಕಡಲೆಹಿಟ್ಟು ಹಚ್ಚಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾನೆ. ತಿನ್ನುವುದನ್ನು ಸ್ವಲ್ಪ ಕಡಿಮೆ ಮಾಡಿಸೋಣವೆಂದರೆ, ಬೆಳೆಯುವ ಮಗುವಿನ ತಟ್ಟೆಗೆ ಕಣ್ಣು ಹಾಕಬೇಡವೆಂದು ಅತ್ತೆಯವರು ಗದರುತ್ತಾರೆ. ನನ್ನದೇ ಅತಿಯಾಯಿತೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮದು ಅತಿಯಲ್ಲ, ಆದರೆ ಮೊದಲು ಆ ಉಜ್ಜುವುದನ್ನು ನಿಲ್ಲಿಸಿ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪೇರುವ ಚರ್ಮ ಬಹುಪಾಲು ಇನ್ಸುಲಿನ್, ಅಂದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನು, ಹೆಚ್ಚಾಗಿರುವುದರ ಸುಳಿವು. ಬೊಜ್ಜಿನಿಂದಾಗಿ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದೆ ಹೋದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಕೋಶಗಳನ್ನೂ ಬೆಳೆಸುತ್ತದೆ. ಮಕ್ಕಳನ್ನು ಸ್ನಾನ ಮಾಡಿಲ್ಲವೆಂದು ಬೈಯುವ ಮನೆಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೀವು ಕೊಟ್ಟ ಅಳತೆಯ ಪ್ರಕಾರ ಮಗುವಿನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 27 ದಾಟುತ್ತದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಬೆಳವಣಿಗೆ ಪಟದಲ್ಲಿ ಹತ್ತು ವರ್ಷದ ಹುಡುಗನಿಗೆ ಇದು ಬೊಜ್ಜಿನ ಗೆರೆಗಿಂತ ಸಾಕಷ್ಟು ಮೇಲೆ ಬೀಳುತ್ತದೆ. ಆದ್ದರಿಂದ ಈ ತಿಂಗಳೇ ಮಕ್ಕಳ ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶ, ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಿ. ಗೊರಕೆಯ ನಡುವೆ ಉಸಿರು ಕ್ಷಣಕಾಲ ನಿಲ್ಲುತ್ತದೆಯೇ, ಹಗಲು ತೂಕಡಿಸುತ್ತಾನೆಯೇ ಎಂಬುದನ್ನು ಗಮನಿಸಿ ಹೇಳಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಅಥವಾ ಸೊಂಟ ಮೊಣಕಾಲು ನೋವೆಂದು ಕುಂಟುವುದು ಕಂಡರೆ ಒಂದು ದಿನವೂ ತಡಮಾಡಬೇಡಿ.

ಊಟದ ವಿಷಯದಲ್ಲಿ ಅತ್ತೆಯವರ ಮಾತಿನಲ್ಲೂ ಅರ್ಧ ಸತ್ಯವಿದೆ: ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ತೂಕ ಏರದೆ ನಿಂತು ಎತ್ತರ ಬೆಳೆದರೂ ಬಿಎಂಐ ಇಳಿಯುತ್ತದೆ. ಎಷ್ಟು ಇಳಿಸಬೇಕು, ಇಳಿಸಲೇಬೇಕೇ ಎಂಬುದನ್ನು ವೈದ್ಯರು ಹೇಳಲಿ. ಕತ್ತರಿ ಬೀಳಬೇಕಾದದ್ದು ಮುದ್ದೆ, ಸಾರು, ಪಲ್ಯಕ್ಕಲ್ಲ. ಸಂಜೆಯ ಬೇಕರಿ ಪೊಟ್ಟಣಕ್ಕೆ, ತಂಪು ಪಾನೀಯಕ್ಕೆ, ಟಿವಿ ಮುಂದಿನ ತಟ್ಟೆಗೆ. ಹೊರಗಿನಿಂದ ಸೇರುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚೆ ಮೀರದಿರಲಿ. ತಂಪು ಪಾನೀಯದ ಒಂದೇ ಬಾಟಲಿ ಆ ಲೆಕ್ಕವನ್ನು ಮುಗಿಸಿಬಿಡುತ್ತದೆ. ಬೆಣ್ಣೆ ದೋಸೆಯ ಊರಿನಲ್ಲಿದ್ದು ದೋಸೆಯನ್ನೇ ಬಿಡಿ ಎನ್ನುವಷ್ಟು ಕಠಿಣನಲ್ಲ ನಾನು. ಅದು ತಿಂಗಳಿಗೊಮ್ಮೆ ಇರಲಿ. ಈ ಬದಲಾವಣೆ ಇಡೀ ಮನೆಗೆ ಅನ್ವಯಿಸಬೇಕು. ಎಲ್ಲರೂ ಖಾರಾ ಬನ್ ತಿನ್ನುತ್ತಿರುವಾಗ ಅವನೊಬ್ಬನಿಗೆ ಸೌತೆಕಾಯಿ ಕೊಟ್ಟರೆ ಅವನು ಕದ್ದು ತಿನ್ನುವುದನ್ನು ಕಲಿಯುತ್ತಾನೆ. ದಿನಕ್ಕೆ ಒಂದು ಗಂಟೆ ಬೆವರುವಂತೆ ಆಡಲಿ, ಒಂಬತ್ತು ಗಂಟೆಗೆ ಕಡಿಮೆಯಿಲ್ಲದಂತೆ ಮಲಗಲಿ. ‘ಡುಮ್ಮ’ ಎಂಬ ಪದವನ್ನು ಮನೆಯಲ್ಲಿ ಯಾರೂ ಆಡದಿರಲಿ, ಪ್ರೀತಿಗೂ ಸಹ.

ವೈದ್ಯರಲ್ಲಿಗೆ ಹೋಗುವಾಗ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮೊಮ್ಮಗನ ಕತ್ತನ್ನು ಅವರೆದುರಿಗೇ ತೋರಿಸಿ.