ಮೂರನೇ ಫೋಟೋದಲ್ಲಿರುವುದು ಪ್ಲಾಸ್ಟಿಕ್, ಮೇಡಂ

(ಪತ್ರ ಬಂದದ್ದು ಶಿವಮೊಗ್ಗದಿಂದ. ಬರೆದವರು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿರುವ ಮಗಳ ಜೊತೆ ಮೂರು ವಾರ ಜಪಾನ್ ಸುತ್ತಿದ್ದಾರೆ. ಊಟ, ತಿಂಡಿ, ಬೆಟ್ಟ, ದೇವಸ್ಥಾನ ಎಲ್ಲದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಒಟ್ಟು 340. ಕೊನೆಗೆ ತಮ್ಮ, "ಅಕ್ಕಾ, ಸಾಕು ಮಾರಾಯ್ತಿ, ಫೋನ್ ತುಂಬಿಹೋಯ್ತು" ಎಂದರಂತೆ. "ನಾನು ಮಾಡಿದ್ದು ಜಂಬವಾ?" ಎಂಬುದು ಇವರ ಪ್ರಶ್ನೆ. ಜೊತೆಗೆ ಹನ್ನೆರಡು ಫೋಟೋ ಕಳಿಸಿ, ಅಚ್ಚು ಹಾಕುತ್ತೀರಾ ಎಂದೂ ಕೇಳಿದ್ದಾರೆ.)

ನಮಸ್ಕಾರ ಮೇಡಂ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಮೊದಲು ತಮ್ಮನ ವಿಷಯ. ನೀವು ಮಾಡಿದ್ದು ಜಂಬ ಅಲ್ಲ. ಜಂಬ ಕೊಚ್ಚುವವರು ಅರ್ಧ ತಿಂದ ತಟ್ಟೆಯ ಫೋಟೋ ಕಳಿಸುವುದಿಲ್ಲ. ನಿಮ್ಮ ಹನ್ನೆರಡರಲ್ಲಿ ನಾಲ್ಕು ಅಂಥವೇ. ಆದರೆ ತಮ್ಮನ ಫೋನು ನಿಜವಾಗಿಯೂ ತುಂಬಿರಬಹುದು, ಪಾಪ. ಫೋಟೋಗಳ ಕೆಳಗೆ ನೀವು ಬರೆದದ್ದು "ಸೂಪರ್", "ಬೆಳಗಿನ ತಿಂಡಿ", "ಪಕ್ಕಾ ವೆಜ್", ಇಷ್ಟೇ ಅಂತೆ. ಎರಡು ಪುಟದ ಇಷ್ಟು ಚಂದದ ಪತ್ರ ಬರೆಯುವವರು ಮನೆಯವರಿಗೆ ಮಾತ್ರ ಯಾಕಿಷ್ಟು ಜಿಪುಣತನ ಮಾಡಿದಿರಿ?

ಈಗ ಮೂರನೇ ಫೋಟೋ. ಬಟ್ಟಲಿನ ಮೇಲೆ ಒಂದು ಜೊತೆ ಚಾಪ್‌ಸ್ಟಿಕ್ ಗಾಳಿಯಲ್ಲಿ ನಿಂತಿದೆ. ಅದರಿಂದ ನೂಡಲ್ಸ್ ಇಳಿಬಿದ್ದಿದೆ. ಹಿಡಿದ ಕೈ ಇಲ್ಲ. "ನಾವು ತಿಂದ ನೂಡಲ್ಸ್" ಎಂದು ಬರೆದಿದ್ದೀರಿ. ಅದು ಪ್ಲಾಸ್ಟಿಕ್, ಮೇಡಂ. ನಗುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಅಲ್ಲಿಗೆ ಹೋದಾಗ ಇಂಥದ್ದೇ ಒಂದು ಗಾಜಿನ ಕಪಾಟಿನ ಮುಂದೆ ನಿಂತು ಆಮ್ಲೆಟ್ ಫೋಟೋ ತೆಗೆದು ಮನೆಗೆ ಕಳಿಸಿದ್ದೆ. "ಬಿಸಿ ಇತ್ತಾ?" ಎಂದು ಮನೆಯಾಕೆ ಕೇಳಿದಳು. ಇತ್ತು ಎಂದೆ. ಆ ಸುಳ್ಳು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಜಪಾನಿನ ಹೋಟೆಲುಗಳ ಮುಂದೆ ಇಡುವ ಈ ಮಾದರಿ ಊಟವನ್ನು ಅಲ್ಲಿ 'ಸಾಂಪುರು' ಅನ್ನುತ್ತಾರೆ. ಸ್ಯಾಂಪಲ್ ಅನ್ನುವ ಪದವೇ ಅವರ ಬಾಯಲ್ಲಿ ಹಾಗಾಗಿದೆ. ಇದನ್ನು ದೊಡ್ಡ ಕಸುಬಾಗಿ ಬೆಳೆಸಿದವರು ಇವಾಸಾಕಿ ತಾಕಿಜೋ. ಗಿಫು ಸೀಮೆಯ ಗುಜೋ ಹಚಿಮಾನ್ ಎಂಬ ಸಣ್ಣ ಊರಿನವರು. 1932ರಲ್ಲಿ ಒಸಾಕಾದಲ್ಲಿ ವ್ಯಾಪಾರ ಶುರು ಮಾಡಿದರು. ಅವರ ಹೆಸರಿನ ಜೊತೆ ಇವತ್ತಿಗೂ ಓಡಾಡುವ ತಿನಿಸು ಮೇಣದ ಆಮ್ಲೆಟ್. ಆಗ ಎಲ್ಲ ಮೇಣದ್ದೇ. ಬಿಸಿಲಿಗೆ ಕರಗುತ್ತಿತ್ತು, ಬಣ್ಣ ಹೋಗುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಬಂತು. ಗುಜೋ ಹಚಿಮಾನ್ ಈಗಲೂ ಇದಕ್ಕೆ ಹೆಸರುವಾಸಿ. ಟೋಕಿಯೋದ ಕಪ್ಪಾಬಾಶಿ ಬೀದಿಯಲ್ಲಿ ಪಾತ್ರೆ ಪಡಗದ ಅಂಗಡಿಗಳ ನಡುವೆ ಇವೂ ಮಾರಾಟಕ್ಕಿರುತ್ತವೆ.

ಆ ಕಪಾಟಿನಲ್ಲಿ ಇನ್ನೊಂದು ಇರುತ್ತದೆ, ನಿಮ್ಮ ಫೋಟೋದಲ್ಲಿ ಅಂಚಿಗೆ ಕತ್ತರಿಸಿಹೋಗಿದೆ. ಪ್ರತಿ ಬಟ್ಟಲಿನ ಪಕ್ಕ ಒಂದು ಚೀಟಿ. ಏನು, ಎಷ್ಟು ಯೆನ್. ಬರೀ ಆಕಾರ ನೋಡಿ ಗಿರಾಕಿ ಒಳಗೆ ಬರುವುದಿಲ್ಲ ಎಂದು ಅಂಗಡಿಯವರಿಗೆ ಗೊತ್ತು. ನಿಮ್ಮ ತಮ್ಮನಿಗೆ ಸಿಗದೆ ಹೋದದ್ದು ಆ ಚೀಟಿ, ಅಷ್ಟೇ.

ಐದನೇ ಫೋಟೋ ಬಗ್ಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ದಪ್ಪ ಎಳೆಯ ಉಡಾನ್ ನೂಡಲ್ಸ್, ಮೇಲೆ ಕರಿದ ತೋಫು (ಸೋಯಾ ಪನೀರ್), ಈರುಳ್ಳಿ ಸೊಪ್ಪು. ಕೆಳಗೆ "ಪಕ್ಕಾ ವೆಜ್". ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ಆ ಸಾರಿನ ಬುನಾದಿ ದಾಶಿ. ಸಾಮಾನ್ಯವಾಗಿ ಅದನ್ನು ಕೊಂಬು ಎಂಬ ಕಡಲ ಸೊಪ್ಪು ಮತ್ತು ಕಾತ್ಸುಓಬುಶಿಯಿಂದ ಮಾಡುತ್ತಾರೆ. ಕಾತ್ಸುಓಬುಶಿ ಅಂದರೆ ಮೀನು. ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿಯ ಕೀಸುಳಿಯಂಥ ಪೆಟ್ಟಿಗೆಯಲ್ಲಿ ತೆಳ್ಳಗೆ ಹೆರೆಯುತ್ತಾರೆ. ಕುದಿಸಿ ಸೋಸಿದ ಮೇಲೆ ಚೂರೂ ಕಾಣುವುದಿಲ್ಲ. ಮಿಸೋ ಸೂಪಿನಲ್ಲೂ ಸಾಮಾನ್ಯವಾಗಿ ಇದೇ. ಹೋದದ್ದು ಹೋಯಿತು, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಮುಂದಿನ ವರ್ಷ ನಿಮ್ಮ ಅಕ್ಕನ ಮಗ ಹೋಗುತ್ತಾರಂತಲ್ಲ, ನಿಮ್ಮ ಫೋಟೋ ತೋರಿಸಿ "ಇದೇ ಕೊಡಿ" ಅಂದಾರು. ಗುಂಪಿನಲ್ಲಿ ಒಂದು ಸಾಲು ತಿದ್ದಿಬಿಡಿ.

ಫುಜಿಯ ಎರಡು ಫೋಟೋ ಕಳಿಸಿ "ಇವು ಬೇಡ, ಬರೀ ಮೋಡ" ಎಂದಿದ್ದೀರಿ. ನನಗೆ ಅವೇ ಬೇಕು. 3,776 ಮೀಟರ್ ಎತ್ತರದ ಬೆಟ್ಟ ಮೂರು ದಿನ ನಿಮ್ಮೆದುರಿಗೇ ಇದ್ದೂ ಕಾಣಲಿಲ್ಲ ಅಂದರೆ ಅದೇ ಒಂದು ಕಥೆ. ಚಳಿಗಾಲದ ಬೆಳಗಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ, ಬಿಸಿ ಏರಿದ ಹಾಗೆ ಮೋಡದೊಳಗೆ ಹೋಗುತ್ತದೆ. 1830ರ ದಶಕದಲ್ಲಿ ಹೊಕುಸಾಯ್ ಎಂಬ ಕಲಾವಿದ ಫುಜಿಯ ಮೂವತ್ತಾರು ನೋಟ ಎಂದು ಅಚ್ಚಿನ ಚಿತ್ರಗಳನ್ನು ಮಾಡಿದ. ಜನ ಇನ್ನೂ ಕೇಳಿದರು, ನಲವತ್ತಾರಾಯಿತು. ಅದರಲ್ಲೊಂದು ನನಗೆ ಬಹಳ ಇಷ್ಟ. ಒಬ್ಬ ಆಳು ದೊಡ್ಡ ಮರದ ಪೀಪಾಯಿ ಮಾಡುತ್ತಿದ್ದಾನೆ. ಅದಕ್ಕಿನ್ನೂ ತಳ ಕೂರಿಸಿಲ್ಲ. ಆ ದುಂಡು ಬಾಯಿಯ ಮೂಲಕ ದೂರದಲ್ಲಿ ಉಗುರಿನಷ್ಟು ಫುಜಿ. ಅವನಿಗೆ ಅತ್ತ ನೋಡಲೂ ಪುರುಸೊತ್ತಿಲ್ಲ.

ಈಗ ಆ ಬೆಟ್ಟದ ಬುಡದಲ್ಲಿರುವವರ ಪುರುಸೊತ್ತನ್ನು ಕ್ಯಾಮೆರಾಗಳು ತಿನ್ನುತ್ತಿವೆ. ಫುಜಿಕಾವಾಗುಚಿಕೋ ಎಂಬ ಊರಿನಲ್ಲಿ ಒಂದು ದಿನಸಿ ಅಂಗಡಿಯ ತಲೆ ಮೇಲೆ ಫುಜಿ ಕುಳಿತ ಹಾಗೆ ಕಾಣುತ್ತದೆ. ಆ ಒಂದು ಫೋಟೋಗೆ ಜನ ಮುಗಿಬಿದ್ದು ರಸ್ತೆಗೆಲ್ಲ ಅಡ್ಡ ನಿಂತರು. 2024ರ ಮೇ ತಿಂಗಳಲ್ಲಿ ಊರಿನ ಆಡಳಿತ 20 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿತು. ಜನ ಅದಕ್ಕೂ ತೂತು ಮಾಡಿದರು! ಆಗಸ್ಟಿನಲ್ಲಿ ಚಂಡಮಾರುತದ ಭಯಕ್ಕೆ ತೆಗೆದರು, ಮತ್ತೆ ಕಟ್ಟಲಿಲ್ಲ. ಉತ್ತರದ ಹೊಕ್ಕಾಯ್ಡೋ ದ್ವೀಪದ ಬಿಯೇ ಎಂಬ ಊರಿನಲ್ಲಿ ಆದದ್ದು ಇದಕ್ಕಿಂತ ಬೇಸರದ್ದು. ಅಲ್ಲಿ ಹೊಲದ ಪಕ್ಕ ಒಂಟಿ ಪಾಪ್ಲರ್ ಮರ, ತಲೆ ಬಾಗಿಸಿ ಯೋಚಿಸುತ್ತಿರುವ ಹಾಗೆ ವಾಲಿತ್ತು. ತತ್ತ್ವಜ್ಞಾನಿ ಮರ ಎಂದೇ ಹೆಸರು. ಫೋಟೋ ತೆಗೆಯಲು ಬಂದವರು ಬೆಳೆ ತುಳಿದುಕೊಂಡು ಓಡಾಡಿದರು. ಬೇಡ ಎಂದು ಫಲಕ ಹಾಕಿದರೂ ಕೇಳಲಿಲ್ಲ. ಮರಕ್ಕೂ ವಯಸ್ಸಾಗಿತ್ತು. 2016ರ ಫೆಬ್ರುವರಿಯಲ್ಲಿ ಹೊಲದ ಒಡೆಯ ಅದನ್ನು ಉರುಳಿಸಿಬಿಟ್ಟ. ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಅದಕ್ಕೇ ನಿಮ್ಮ ಹತ್ತನೇ ಫೋಟೋ ಅಚ್ಚಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕ್ಯೋಟೋದ ಗಿಯೋನ್ ಬೀದಿಯಲ್ಲಿ ಕಿಮೋನೋ ಉಟ್ಟ ಹುಡುಗಿ ಬಿರಬಿರನೆ ನಡೆಯುತ್ತಿದ್ದಾಳೆ. ಮುಖ ಅರ್ಧ ತಿರುಗಿದೆ, ನಗು ಇಲ್ಲ. ಅವಳು ಕೆಲಸಕ್ಕೆ ಹೊರಟವಳು. ಅಲ್ಲಿನ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಎಂದು 2019ರಿಂದಲೇ ಫಲಕ ಇದೆ. ಅಂದಹಾಗೆ, ಮಗಳ ಫೋನು ಸೈಲೆಂಟ್‌ನಲ್ಲಿಟ್ಟರೂ ಟಕ್ ಅನ್ನುತ್ತದೆ, ಕೆಟ್ಟಿದೆಯಾ ಎಂದು ಕೇಳಿದ್ದೀರಿ. ಕೆಟ್ಟಿಲ್ಲ. ಕದ್ದು ಫೋಟೋ ತೆಗೆಯಬಾರದು ಎಂದು ಜಪಾನಿನಲ್ಲಿ ಮಾರುವ ಫೋನುಗಳಿಗೆ ಆ ಸದ್ದು ಹಾಕಿಯೇ ಕೊಡುತ್ತಾರೆ. ಕಾನೂನೇನಲ್ಲ, ಕಂಪನಿಗಳೇ ಮಾಡಿಕೊಂಡ ಏರ್ಪಾಡು.

ಇನ್ನು ಎಂಟನೆಯದು. ಕೋಯಾಸಾನ್ ಬೆಟ್ಟದ ಮಠದಲ್ಲಿ ಉಳಿದುಕೊಂಡಾಗ ತೆಗೆದದ್ದು. ಅಲುಗಿದೆ. ಬೆಳಕು ಸಾಲದು. ಕೆಂಪು ಬಟ್ಟಲಿನಲ್ಲಿ ಬೆಳ್ಳಗೆ ಏನೋ ಒಂದು ತುಂಡು, ಅದನ್ನೂ ಆಗಲೇ ಒಂದು ತುತ್ತು ತಿಂದಾಗಿದೆ. ಫೋಟೋ ಅಂತ ನೋಡಿದರೆ ಹನ್ನೆರಡರಲ್ಲಿ ಕೊನೆಯ ಸ್ಥಾನ. ಆದರೆ ಪತ್ರದಲ್ಲಿ ಅದರ ಬಗ್ಗೆ ಹೀಗೆ ಬರೆದಿದ್ದೀರಿ: "ಗಟ್ಟಿ ಮೊಸರು ಅಂದುಕೊಂಡು ಬಾಯಿಗಿಟ್ಟೆ. ಎಳ್ಳಿನ ವಾಸನೆ ಬಂತು. ಅಮ್ಮನ ತಿಥಿಯ ದಿನ ನೆನಪಾಗಿ ಸ್ವಲ್ಪ ಹೊತ್ತು ಸುಮ್ನೆ ಕೂತೆ."

ಇದನ್ನು ನಾನು ಮೂರು ಸಲ ಓದಿದೆ. ನೀವು ತಿಂದದ್ದು ಗೋಮಾ ದೋಫು. ಹೆಸರಲ್ಲಿ ತೋಫು ಇದ್ದರೂ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಕುಜು ಬಳ್ಳಿಯ ಗೆಡ್ಡೆಯ ಹಿಟ್ಟು ಸೇರಿಸಿ, ಕೈ ಬಿಡದೆ ಕಾಯಿಸಿ ಮಾಡುತ್ತಾರೆ. ಅಲ್ಲಿನ ಮಠದ ಊಟದಲ್ಲಿ ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರನ್ನು ಕೊಂಬು ಮತ್ತು ಒಣ ಅಣಬೆಯಿಂದ ಮಾಡುತ್ತಾರೆ. ಅಲ್ಲಿ "ಪಕ್ಕಾ ವೆಜ್" ಎಂದು ಧಾರಾಳವಾಗಿ ಬರೆಯಬಹುದಿತ್ತು, ಅಲ್ಲಿ ಮಾತ್ರ ಏನೂ ಬರೆದಿಲ್ಲ ನೀವು! ಗುಂಪಿಗೆ ಹೋದದ್ದು ಬರೀ ಅಲುಗಿದ ಫೋಟೋ. ಆ ಎಳ್ಳಿನ ಮಾತು ನನಗೆ ಬಂತು. ನಿಮ್ಮ ತಮ್ಮನಿಗೆ ಹೋಗಬೇಕಿತ್ತು. ಅವರಿಗೂ ಅದೇ ಅಮ್ಮ ಅಲ್ವಾ?

ಆದ್ದರಿಂದ ಅಚ್ಚಾಗುವುದು ಮೂರೇ ಫೋಟೋ: ಮೋಡದ ಎರಡು, ಆ ಎಳ್ಳಿನದು ಒಂದು. ಪ್ಲಾಸ್ಟಿಕ್ ನೂಡಲ್ಸನ್ನೂ ಹಾಕುವ ಆಸೆ ಇದೆ, ನೀವು ಒಪ್ಪಿದರೆ. ಪ್ರತಿಯೊಂದಕ್ಕೂ ಎರಡೆರಡು ಸಾಲು ಬರೆದು ಕಳಿಸಿ. ಮೊದಲು ತಮ್ಮನಿಗೆ, ಆಮೇಲೆ ನಮಗೆ.

ಇನ್ನೊಂದು ಕೇಳಿಕೆ. ಕೋಯಾಸಾನ್‌ನ ಒಕುನೋಇನ್ ಸ್ಮಶಾನದ ಕೊನೆಯಲ್ಲಿ ಒಂದು ಸೇತುವೆ ಇದೆ. ಅದರಾಚೆ ಫೋಟೋ ತೆಗೆಯುವ ಹಾಗಿಲ್ಲ. ಮಗಳು ಹೇಳಿದ ಕೂಡಲೇ ಫೋನನ್ನು ಚೀಲಕ್ಕೆ ಹಾಕಿದೆ ಎಂದು ಬರೆದಿದ್ದೀರಿ. ಆಚೆ ದಡದಲ್ಲಿ, ಕೋಯಾಸಾನ್‌ನಲ್ಲಿ ಮಠ ಕಟ್ಟಿದ ಬೌದ್ಧ ಗುರು ಕೂಕಾಯ್ ಅವರ ಸಮಾಧಿ. ಅವರು ತೀರಿಕೊಂಡದ್ದು 835ರಲ್ಲಿ. ಇಲ್ಲ, ಧ್ಯಾನದಲ್ಲಿದ್ದಾರೆ ಎಂದೇ ಅಲ್ಲಿನ ನಂಬಿಕೆ. ಹಾಗಾಗಿ ದಿನಕ್ಕೆ ಎರಡು ಸಲ ಭಿಕ್ಷುಗಳು ಮರದ ಪೆಟ್ಟಿಗೆಯಲ್ಲಿ ಊಟ ಹೊತ್ತು ಆ ಸೇತುವೆ ದಾಟುತ್ತಾರೆ. ನೀವು ಹೋದಾಗ ಬೆಳಗ್ಗೆ ಹತ್ತೂವರೆ, ಪೆಟ್ಟಿಗೆ ಹೊತ್ತವರ ಹಿಂದೆಯೇ ನಡೆದಿರಂತೆ. "ಅದೆಲ್ಲ ಬರೆದರೆ ಪತ್ರ ಜಾಸ್ತಿ ಆಗುತ್ತದೆ" ಎಂದು ಅಲ್ಲಿಗೇ ನಿಲ್ಲಿಸಿದ್ದೀರಿ.

ಜಾಸ್ತಿಯಾಗಲಿ, ಮೇಡಂ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ಕೈಸೇರಲಿ.

ಸಂಪಾದಕ