ಹಳೆಯ ಟ್ರ್ಯಾಕ್ಟರಿನ ಬೆಲ್ಟ್ ಪುಲ್ಲಿಗೆ ಕಟ್ಟಿಗೆಯ ಗರಗಸ

ನಮಸ್ಕಾರ ಸರ್. ಹಾನಗಲ್ಲಿನ ತೋಟದಲ್ಲಿರುವ ಹಳೆಯ ಟ್ರ್ಯಾಕ್ಟರಿನ ಬೆಲ್ಟ್ ಪುಲ್ಲಿಯಿಂದ 24 ಇಂಚಿನ ಚಕ್ರಗರಗಸವನ್ನು ನಡೆಸಬಹುದೇ ಎಂದು ಕೇಳಿದ್ದೀರಿ. ನಡೆಸಬಹುದು, ಆದರೆ ಮೊದಲು ವೇಗದ ಲೆಕ್ಕವಾಗಬೇಕು. ಪಿಟಿಒ (ಬೇರೆ ಯಂತ್ರಗಳನ್ನು ನಡೆಸಲು ಟ್ರ್ಯಾಕ್ಟರಿನ ಹಿಂದಿರುವ ತಿರುಗುವ ದಂಡ) ನಿಮಿಷಕ್ಕೆ 540 ಸುತ್ತು ತಿರುಗಿದರೂ ಪುಲ್ಲಿಯ ಪೆಟ್ಟಿಗೆಯೊಳಗಿನ ಗೇರುಗಳು ಅದನ್ನು ಹೆಚ್ಚಿಸುವುದುಂಟಾದ್ದರಿಂದ, ಪುಲ್ಲಿಯ ಸುತ್ತನ್ನು ಟ್ಯಾಕೋಮೀಟರಿನಿಂದಲೇ ಅಳೆಯಿರಿ. ಅದು 1,000 ಸುತ್ತು, ವ್ಯಾಸ 9 ಇಂಚು ಎಂದುಕೊಂಡರೆ, ಗರಗಸಕ್ಕೆ 6 ಇಂಚಿನ ಪುಲ್ಲಿ ಹಾಕಿದಾಗ ಬ್ಲೇಡು 1,500 ಸುತ್ತು ತಿರುಗಿ, ಅದರ ಅಂಚು ನಿಮಿಷಕ್ಕೆ ಸುಮಾರು 9,400 ಅಡಿ ಓಡುತ್ತದೆ. ಬ್ಲೇಡಿನ ಮೇಲೆ ನಮೂದಿಸಿದ ಗರಿಷ್ಠ ಸುತ್ತು ಈ 1,500ಕ್ಕಿಂತ ಕಡಿಮೆಯಿದ್ದರೆ ಗರಗಸದ ಪುಲ್ಲಿ ದೊಡ್ಡದಿರಬೇಕು. ನಮೂದೇ ಇಲ್ಲದ ಗುಜರಿ ಬ್ಲೇಡನ್ನಂತೂ ಮುಟ್ಟಬೇಡಿ.

ಹಲ್ಲುಗಳು ನಿಮ್ಮ ಕಡೆಯಿಂದ ಕೆಳಮುಖವಾಗಿ ಇಳಿಯಬೇಕು. ಉಲ್ಟಾ ತಿರುಗಿದರೆ ಚಪ್ಪಟೆ ಬೆಲ್ಟನ್ನು 8ರ ಆಕಾರದಲ್ಲಿ ಒಮ್ಮೆ ಅಡ್ಡ ತಿರುವಿ ಹಾಕಿದರೆ ಸಾಕು. ಗಂಟಿರುವ ಜಾಲಿ ಕಟ್ಟಿಗೆ ಬ್ಲೇಡನ್ನು ಕಚ್ಚಿಕೊಂಡಾಗ ಬೆಲ್ಟು ಜಾರಿ ಗೇರನ್ನು ಉಳಿಸುತ್ತದೆ. ನಮ್ಮ ರಾಶಿ ಯಂತ್ರಕ್ಕೂ ಇದೇ ಗುಣ ಒದಗಿಬರುತ್ತಿತ್ತು. ಆದರೆ ಕಳಚಿದ ಬೆಲ್ಟು ಚಾಟಿಯಂತೆ ಬೀಸುತ್ತದಾದ್ದರಿಂದ ಅದರ ನೇರಕ್ಕೂ ಬ್ಲೇಡಿನ ನೇರಕ್ಕೂ ಯಾರೂ ನಿಲ್ಲಬಾರದು, ಹೆಗಲ ಮೇಲಿನ ಟವೆಲನ್ನೂ ತೆಗೆದಿಡಬೇಕು. ಪಿಟಿಒ ಬಿಡಿಸಿದ ಮೇಲೂ ಬ್ಲೇಡು ಬಹಳ ಹೊತ್ತು ತಿರುಗುತ್ತಿರುತ್ತದೆ. ಅದನ್ನು ಕಟ್ಟಿಗೆ ಒತ್ತಿ ನಿಲ್ಲಿಸಲು ಹೋಗಬೇಡಿ.