ಬೇರೆಯವರ ಸಾಲಕ್ಕೆ ನಿಮಗೆ ವಸೂಲಿ ಕರೆ ಬರುತ್ತಿದ್ದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಹಳೆಯ ಸಹೋದ್ಯೋಗಿಯೊಬ್ಬರು ಪರ್ಸನಲ್ ಲೋನ್ ತೆಗೆದುಕೊಂಡು ಕಂತು ನಿಲ್ಲಿಸಿದ್ದಾರೆ. ಅರ್ಜಿಯಲ್ಲಿ ರೆಫರೆನ್ಸ್ ಎಂದು ನಿಮ್ಮ ನಂಬರ್ ಕೊಟ್ಟಿದ್ದಾರೆ. ಈಗ ವಸೂಲಿಯವರು ದಿನವಿಡೀ ನಿಮಗೇ ಫೋನ್ ಮಾಡಿ, ‘ಕಟ್ಟಿಸಿ, ಇಲ್ಲಾಂದ್ರೆ ನಿಮ್ಮ ಮೇಲೂ ಕೇಸ್ ಆಗುತ್ತೆ’ ಅನ್ನುತ್ತಿದ್ದಾರೆ. ನೀವು ಕಟ್ಟಬೇಕಾ?

ಬೇಡ. ಒಂದು ರೂಪಾಯಿಯೂ ಬೇಡ. ರೆಫರೆನ್ಸ್ ಅಂದರೆ ಸಾಲಗಾರರ ಪರಿಚಯದವರು ಅಂತ ಅಷ್ಟೇ. ಅವರು ನಿಮ್ಮ ಹೆಸರು ಬರೆದುಕೊಟ್ಟ ಮಾತ್ರಕ್ಕೆ ಆ ಸಾಲಕ್ಕೂ ನಿಮಗೂ ಕಾನೂನಿನ ನಂಟು ಹುಟ್ಟುವುದಿಲ್ಲ.

ಆದರೆ ಮುಂದಿನ ಹೆಜ್ಜೆ ಇಡುವ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ. ಆ ಸಾಲದ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ, ಅಥವಾ ಓಟಿಪಿ ಕೊಟ್ಟು ಏನಾದರೂ ಒಪ್ಪಿದ್ದೀರಾ? ಜಾಮೀನುದಾರರಾಗಿದ್ದರೆ ಲೆಕ್ಕ ಪೂರ್ತಿ ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ‘ಮೊದಲು ಅವರನ್ನು ಕೇಳಿ, ಆಮೇಲೆ ನನ್ನನ್ನು’ ಎನ್ನುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಕೋ-ಅಪ್ಲಿಕೆಂಟ್ ಆಗಿದ್ದರಂತೂ ಅದು ನಿಮ್ಮದೇ ಸಾಲ. ಮಕ್ಕಳ ಎಜುಕೇಶನ್ ಲೋನ್‌ಗೆ ಸಹಿ ಹಾಕಿದ ಅಪ್ಪ ಅಮ್ಮಂದಿರು ಇದನ್ನು ಬಹಳ ಸಲ ಮರೆತಿರುತ್ತಾರೆ. ಹಳ್ಳಿಯ ಮೈಕ್ರೋಫೈನಾನ್ಸ್ ಗುಂಪು ಸಾಲದಲ್ಲೂ ಅಷ್ಟೇ: ಪಕ್ಕದ ಮನೆಯವರ ಸಾಲ ಅಂದುಕೊಂಡಿರುತ್ತೀರಿ, ಗುಂಪಿನ ಹೊಣೆಗಾರಿಕೆ ಪತ್ರಕ್ಕೆ ನಿಮ್ಮ ಸಹಿಯೂ ಇರುತ್ತದೆ. ಗಂಡನ ಕ್ರೆಡಿಟ್ ಕಾರ್ಡ್ ಬಾಕಿಯನ್ನು ಹೆಂಡತಿಯಾದ ಮಾತ್ರಕ್ಕೆ ಕಟ್ಟಬೇಕಿಲ್ಲ. ಸಾಲಗಾರರು ತೀರಿಕೊಂಡಿದ್ದರೆ ವಾರಸುದಾರರ ಹೊಣೆ ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ. ಸ್ವಂತ ದುಡಿಮೆಯ ಹಣಕ್ಕೆ ಯಾರೂ ಕೈ ಹಾಕುವಂತಿಲ್ಲ.

ಸಹಿ ಇಲ್ಲ ಅಂತಾದರೆ ಮುಂದೆ ಓದಿ.

ಕರೆ ಮಾಡುವವರಿಗೂ ನೀವು ಕಟ್ಟಬೇಕಿಲ್ಲ ಅನ್ನುವುದು ಗೊತ್ತಿರುತ್ತದೆ. ಅವರ ಲೆಕ್ಕಾಚಾರ ಬೇರೆಯೇ: ನಿಮಗೆ ಕಿರಿಕಿರಿಯಾದರೆ ನೀವು ಸಾಲಗಾರರಿಗೆ ಫೋನ್ ಮಾಡಿ ಬೈಯುತ್ತೀರಿ, ಆ ನಾಚಿಕೆಗೆ ಅವರು ದುಡ್ಡು ಹೊಂದಿಸುತ್ತಾರೆ. ಹಾಗಾಗಿ ಫೋನಿನಲ್ಲಿ ವಾದ ಮಾಡುತ್ತಾ ಹೋದಷ್ಟೂ ‘ಈ ನಂಬರ್ ಎತ್ತುತ್ತಾರೆ, ಮಾತಾಡುತ್ತಾರೆ’ ಅಂತ ಅವರ ಪಟ್ಟಿಯಲ್ಲಿ ಉಳಿಯುತ್ತೀರಿ. ನಾನು ಹೇಳುವುದು ಒಂದೇ: ಫೋನಿನ ಜಗಳವನ್ನು ಕಾಗದಕ್ಕೆ ತನ್ನಿ, ಅದನ್ನು ಏಜೆಂಟರಿಗಲ್ಲ, ಸಾಲ ಕೊಟ್ಟ ಸಂಸ್ಥೆಗೇ ಕಳಿಸಿ. ವಸೂಲಿ ಕೆಲಸ ಹೊರಗಿನ ಏಜೆನ್ಸಿಗೆ ಕೊಟ್ಟಿದ್ದರೂ ಏಜೆಂಟರ ನಡತೆಗೆ ರಿಸರ್ವ್ ಬ್ಯಾಂಕಿನ ಮುಂದೆ ಉತ್ತರ ಕೊಡಬೇಕಾದದ್ದು ಆ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ).

ಅದಕ್ಕಾಗಿ ಒಂದೇ ಒಂದು ಕರೆಯನ್ನು ಸಮಾಧಾನದಿಂದ ತೆಗೆದುಕೊಳ್ಳಿ, ರೆಕಾರ್ಡ್ ಮಾಡಿ. ಐದು ವಿಷಯ ಕೇಳಿ ಬರೆದುಕೊಳ್ಳಿ: ಸಾಲ ಕೊಟ್ಟ ಬ್ಯಾಂಕ್ ಅಥವಾ ಕಂಪನಿಯ ಪೂರ್ತಿ ಹೆಸರು, ವಸೂಲಿ ಏಜೆನ್ಸಿಯ ಹೆಸರು, ಮಾತಾಡುತ್ತಿರುವವರ ಹೆಸರು ಮತ್ತು ಐಡಿ ಸಂಖ್ಯೆ, ಕೇಸ್ ರೆಫರೆನ್ಸ್ ಸಂಖ್ಯೆ, ನಿಮ್ಮ ನಂಬರ್ ಅವರಿಗೆ ಸಿಕ್ಕಿದ್ದು ಎಲ್ಲಿಂದ. ಆಮೇಲೆ ಇಷ್ಟು ಹೇಳಿ: ‘ನಾನು ಸಾಲಗಾರನಲ್ಲ, ಜಾಮೀನುದಾರನೂ ಅಲ್ಲ. ಈ ನಂಬರಿಗೆ ಮತ್ತೆ ಕರೆ ಮಾಡಬೇಡಿ. ಈ ಕರೆ ರೆಕಾರ್ಡ್ ಆಗುತ್ತಿದೆ.’ ಅಲ್ಲಿಗೆ ಫೋನ್ ಇಡಿ. ಹೆಸರು ಕೇಳಿದ ತಕ್ಷಣ ಕರೆ ಕಟ್ ಮಾಡಿದರೆ ಅದೂ ಒಂದು ಸಾಕ್ಷಿಯೇ, ತಾರೀಖು ಸಮಯ ಗುರುತು ಹಾಕಿಕೊಳ್ಳಿ.

ಆ ಕರೆಯಲ್ಲಿ ಹೇಳಬಾರದ ಮಾತುಗಳೂ ಇವೆ. ‘ನೋಡ್ತೀನಿ, ಅವರಿಗೆ ಹೇಳಿ ಕಟ್ಟಿಸ್ತೀನಿ’ ಅನ್ನಬೇಡಿ. ನಾಳೆಯಿಂದ ‘ಏನಾಯ್ತು ಸರ್, ನೀವೇ ಹೇಳಿದ್ರಲ್ಲ’ ಅಂತ ಶುರುವಾಗುತ್ತದೆ. ಸಾಲಗಾರರ ಹೊಸ ನಂಬರ್, ಮನೆ ವಿಳಾಸ, ಈಗಿನ ಆಫೀಸು ಯಾವುದನ್ನೂ ಕೊಡಬೇಡಿ. ಅದು ನಿಮ್ಮ ಕೆಲಸವೂ ಅಲ್ಲ, ಕರೆ ಮಾಡಿದವರು ನಿಜವಾದ ಏಜೆಂಟರೇ ಎಂಬ ಖಾತ್ರಿಯೂ ಇಲ್ಲ. ‘ಸಿಸ್ಟಮ್‌ನಿಂದ ನಿಮ್ಮ ನಂಬರ್ ತೆಗೆಯೋಕೆ ಆಧಾರ್, ಪ್ಯಾನ್ ಕಳಿಸಿ’ ಅಂದರೆ ಖಂಡಿತ ಕಳಿಸಬೇಡಿ. ಪೀಡೆ ತೊಲಗಲಿ ಅಂತ ಐನೂರು, ಸಾವಿರ ಹಾಕುವವರಿದ್ದಾರೆ. ಅದರಿಂದ ಕರೆ ನಿಲ್ಲುವುದಿಲ್ಲ, ಹೆಚ್ಚುತ್ತದೆ: ಈ ಕಡೆಯಿಂದ ದುಡ್ಡು ಬರುತ್ತದೆ ಅಂತ ಗೊತ್ತಾಗಿಹೋಗಿರುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು, ಬಂದ ನಂಬರನ್ನೆಲ್ಲ ಮೊದಲೇ ಬ್ಲಾಕ್ ಮಾಡುವುದು. ಏಜೆನ್ಸಿಗಳಲ್ಲಿ ನಂಬರ್‌ಗಳಿಗೆ ಬರವಿಲ್ಲ, ಇನ್ನೊಂದರಿಂದ ಬರುತ್ತದೆ. ನಿಮ್ಮ ಹತ್ತಿರ ಮಾತ್ರ ಸಾಕ್ಷಿ ಉಳಿಯುವುದಿಲ್ಲ. ಮೂರ್ನಾಲ್ಕು ದಿನದ ಕಾಲ್ ಲಾಗ್ ಸ್ಕ್ರೀನ್‌ಶಾಟ್, ವಾಟ್ಸಾಪ್ ಮೆಸೇಜುಗಳು, ರೆಕಾರ್ಡಿಂಗ್ ಎಲ್ಲ ಒಂದು ಫೋಲ್ಡರ್‌ಗೆ ಹಾಕಿ. ರೆಕಾರ್ಡಿಂಗ್ ಕತ್ತರಿಸಿ ಎಡಿಟ್ ಮಾಡಬೇಡಿ, ಮೂಲ ಫೈಲ್ ಫೋನಿನಲ್ಲೇ ಇರಲಿ. ಬ್ಲಾಕ್ ಮಾಡುವುದು ಆಮೇಲೆ.

ಈಗ ಮೇಲ್. ಪ್ರತಿ ಬ್ಯಾಂಕ್ ಮತ್ತು ಎನ್‌ಬಿಎಫ್‌ಸಿ ವೆಬ್‌ಸೈಟಿನಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಇರುತ್ತದೆ. ಏಜೆಂಟರು ಕೊಟ್ಟ ವಿಳಾಸ ನಂಬದೆ ಅಲ್ಲಿಂದಲೇ ತೆಗೆದುಕೊಳ್ಳಿ. ಉದ್ದ ಬೇಡ, ಹೀಗಿದ್ದರೆ ಸಾಕು:

‘ನನ್ನ ಮೊಬೈಲ್ ಸಂಖ್ಯೆ ಇಂಥದ್ದು. ನಿಮ್ಮ ಸಂಸ್ಥೆಯ ಪರವಾಗಿ ಇಂಥ ಏಜೆನ್ಸಿಯವರು ಈ ದಿನಾಂಕಗಳಂದು, ಈ ಸಮಯಗಳಲ್ಲಿ, ಈ ಸಂಖ್ಯೆಗಳಿಂದ ಮೂರನೆಯ ವ್ಯಕ್ತಿಯೊಬ್ಬರ ಸಾಲದ ಬಗ್ಗೆ ನನಗೆ ಕರೆ ಮಾಡಿದ್ದಾರೆ. ನಾನು ಸಾಲಗಾರ, ಸಹ ಅರ್ಜಿದಾರ, ಜಾಮೀನುದಾರ ಯಾವುದೂ ಅಲ್ಲ. ಇವುಗಳಲ್ಲಿ ಒಂದು ಎಂದು ನಿಮ್ಮ ಬಳಿ ದಾಖಲೆ ಇದ್ದರೆ ನನ್ನ ಸಹಿಯಿರುವ ಪ್ರತಿ ಕಳಿಸಿ. ಇಲ್ಲವಾದರೆ ನನ್ನ ಸಂಖ್ಯೆಯನ್ನು ನಿಮ್ಮ ಹಾಗೂ ನಿಮ್ಮ ಎಲ್ಲ ಏಜೆನ್ಸಿಗಳ ದಾಖಲೆಯಿಂದ ತೆಗೆದು ಬರವಣಿಗೆಯಲ್ಲಿ ತಿಳಿಸಿ. ಇಂಥ ಕರೆಗಳು ರಿಸರ್ವ್ ಬ್ಯಾಂಕಿನ ವಸೂಲಿ ನಿಯಮಗಳಿಗೆ ವಿರುದ್ಧ.’

‘ಎಲ್ಲ ಏಜೆನ್ಸಿಗಳ’ ಅನ್ನುವುದನ್ನು ಬಿಡಬೇಡಿ. ಒಂದು ಏಜೆನ್ಸಿ ನಿಲ್ಲಿಸಿದರೂ ಕೇಸು ಇನ್ನೊಂದಕ್ಕೆ ಹೋದಾಗ ಹಳೆಯ ಪಟ್ಟಿಯೇ ಹೋಗುತ್ತದೆ, ಎರಡು ತಿಂಗಳ ನಂತರ ಕರೆ ಮತ್ತೆ ಶುರುವಾಗುತ್ತದೆ. ಸಾಲದ ಮೂಲ ದಾಖಲೆಯಿಂದಲೇ ನಂಬರ್ ಹೋಗಬೇಕು.

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ತಂದ ಆ ನಿಯಮಗಳು ಹೇಳುವುದೇನೆಂದರೆ: ಸಾಲಗಾರರ ಕುಟುಂಬದವರು, ರೆಫರೆನ್ಸ್ ಆಗಿರುವವರು, ಸ್ನೇಹಿತರು ಇವರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ, ಬೆದರಿಕೆ ಕರೆ, ಹೆಸರು ಹೇಳದ ಕರೆ, ಅಸಭ್ಯ ಮೆಸೇಜು ಕೂಡದು, ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೂ ವಸೂಲಿ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ನಿಯಮ ಇನ್ನೂ ಬಿಗಿ. ಅಲ್ಲಿ ಸಮಯ ಬೆಳಿಗ್ಗೆ 9ರಿಂದ ಸಂಜೆ 6, ನೆಂಟರು, ಸ್ನೇಹಿತರು, ಸಹೋದ್ಯೋಗಿಗಳಿಗೆ ಕಿರುಕುಳ ಕೊಡಬಾರದು ಅಂತ ನೇರವಾಗಿಯೇ ಬರೆದಿದೆ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಕಿರುಸಾಲ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಡಲಾಯಿತು.

ಮೇಲ್ ಕಳಿಸಿ 30 ದಿನವಾದರೂ ಉತ್ತರವಿಲ್ಲ, ಅಥವಾ ಹಾರಿಕೆಯ ಉತ್ತರ ಬಂತು ಅಂದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ (ದೂರು ಸ್ವೀಕರಿಸುವ ವೆಬ್‌ಸೈಟ್) ದೂರು ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅನುಮಾನಗಳಿಗೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಬಹುದು. ಸಂಸ್ಥೆಗೆ ಮೊದಲು ಬರೆಯದೆ ನೇರವಾಗಿ ಅಲ್ಲಿಗೆ ಹೋದರೆ ದೂರು ವಾಪಸ್ ಬರುತ್ತದೆ, ಆ ಮೇಲ್ ಇಲ್ಲೂ ಕೆಲಸಕ್ಕೆ ಬರುವುದು ಅದಕ್ಕೇ.

ಬೆದರಿಕೆ, ಬೈಗುಳ ಇದ್ದರೆ ಮಾತ್ರ 30 ದಿನ ಕಾಯಬೇಡಿ. ಸೀದಾ ಪೊಲೀಸ್ ಠಾಣೆಗೆ ಹೋಗಿ. ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್, ಹೆದರಿಸಿ ದುಡ್ಡು ಕೀಳುವುದಕ್ಕೆ 308, ಹೆಣ್ಣುಮಕ್ಕಳಿಗೆ ಅಶ್ಲೀಲವಾಗಿ ಮಾತಾಡಿದ್ದರೆ 79. ಠಾಣೆಯಲ್ಲಿ ‘ಇದು ಸಾಲದ ವ್ಯವಹಾರ, ಸಿವಿಲ್’ ಅಂತ ಕಳಿಸುವ ಸಾಧ್ಯತೆ ಇದೆ. ಆಗ ‘ಸಾಲ ನನ್ನದಲ್ಲ, ನನ್ನ ದೂರು ಬೆದರಿಕೆಯ ಬಗ್ಗೆ’ ಅಂತ ಲಿಖಿತ ದೂರಿನ ಮೊದಲ ಸಾಲಿನಲ್ಲೇ ಬರೆದುಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.

ಕರೆ ಮಾಡುವವರು ಸಂಸ್ಥೆಯ ಹೆಸರನ್ನೇ ಹೇಳದೆ ಆ್ಯಪ್ ಹೆಸರು ಮಾತ್ರ ಹೇಳುತ್ತಿದ್ದರೆ ಅದು ಬೇರೆ ಜಾತಿಯ ಪಿಡುಗು. ರಿಸರ್ವ್ ಬ್ಯಾಂಕ್ ನಿಯಮದಂತೆ ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೋಟೋ ಮುಟ್ಟುವಂತಿಲ್ಲ. ನೀವು ರೆಫರೆನ್ಸ್ ಕೂಡ ಅಲ್ಲ, ಆದರೂ ಕರೆ ಬಂದಿದೆ ಅಂದರೆ ಸಾಲಗಾರರ ಫೋನಿನಿಂದ ಪಟ್ಟಿ ಕದ್ದಿರುವ ಸಾಧ್ಯತೆಯೇ ಹೆಚ್ಚು. ಇಂಥವರು ಸಾಲಗಾರರ ಫೋಟೋ ತಿರುಚಿ ಎಲ್ಲರಿಗೂ ಕಳಿಸುವುದೂ ಉಂಟು. ನಿಮಗೆ ಬಂದರೆ ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಬಂದ ನಂಬರ್, ಸಮಯ ಕಾಣುವಂತೆ ಉಳಿಸಿಕೊಂಡು ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಸಾಲಗಾರರಿಗೂ ಒಂದು ಮಾತು ತಿಳಿಸಿ. ಆ ಹೊತ್ತಿನಲ್ಲಿ ಅವರನ್ನು ಬೈಯಬೇಡಿ, ಇಂಥ ಕಿರುಕುಳಕ್ಕೆ ಪ್ರಾಣ ಕಳೆದುಕೊಂಡವರಿದ್ದಾರೆ.

ಇದನ್ನು ಓದುವ ಕೆಲವರಿಗೆ ಸಾಲಗಾರರ ಪರಿಚಯವೇ ಇರುವುದಿಲ್ಲ. ಹೊಸ ಸಿಮ್ ತೆಗೆದುಕೊಂಡಿದ್ದರೆ ಕಾರಣ ಬಹುತೇಕ ಇದು: ರದ್ದಾದ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡುತ್ತಾರೆ, ಹಿಂದಿನವರ ಸಾಲದ ದಾಖಲೆಯಲ್ಲಿ ಆ ನಂಬರ್ ಹಾಗೇ ಉಳಿದಿರುತ್ತದೆ. ಮೇಲಿನ ಮೇಲ್‌ಗೆ ‘ಈ ಸಂಖ್ಯೆ ಇಂಥ ದಿನಾಂಕದಿಂದ ನನ್ನ ಹೆಸರಿನಲ್ಲಿದೆ’ ಅಂತ ಸೇರಿಸಿ ಸಿಮ್ ಪಡೆದ ದಾಖಲೆ ಲಗತ್ತಿಸಿ, ಆಧಾರ್ ಸಂಖ್ಯೆ ಮುಚ್ಚಿ.

ಕರೆ ಮಾಡಿದವರು ನಿಮ್ಮದೇ ಹೆಸರು, ಪ್ಯಾನ್ ಹೇಳಿದರೆ ಮಾತ್ರ ‘ಬೇರೆಯವರ ಸಾಲ’ ಅಂತ ಸುಮ್ಮನಾಗಬೇಡಿ. ನಿಮ್ಮ ಹೆಸರಿನಲ್ಲಿ ಯಾರೋ ಸಾಲ ಎತ್ತಿರಬಹುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಇವು ನಮ್ಮ ಸಾಲಗಳ ದಾಖಲೆ ಇಡುವ ಕಂಪನಿಗಳು, ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆದು ನೋಡಿ, ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದು. ನಿಮ್ಮದಲ್ಲದ ಖಾತೆ ಕಂಡರೆ ಅಲ್ಲೇ ಡಿಸ್ಪ್ಯೂಟ್ (ತಕರಾರು) ಹಾಕಿ. 30 ದಿನದಲ್ಲಿ ಬಗೆಹರಿಯದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು, ಡಿಸ್ಪ್ಯೂಟ್ ಹಾಕುವಾಗಲೇ ನಿಮ್ಮ ಬ್ಯಾಂಕ್ ಖಾತೆ ವಿವರ ಸರಿಯಾಗಿ ತುಂಬಿ.